ಹಳೆಯ ಮನೆಗೆ ಹೊಸ ಪೋರ್ಚು

ಹಳೆಯ ಮನೆಯನ್ನು ಕೊಂಡವನಿಗೆ ಅದನ್ನು ಇದ್ದ ಹಾಗೆಯೇ ಬಿಡುವ ಸೈರಣೆ ಬಹುಕಾಲ ಇರುವುದಿಲ್ಲ. ಒಕ್ಕಲಾದ ಮರುದಿನವೇ ಅವನ ಕಣ್ಣು ಗೋಡೆಯಿಂದ ಗೋಡೆಗೆ ಅಲೆಯತೊಡಗುತ್ತದೆ. ಇಲ್ಲೊಂದು ಕಿಟಕಿ ಇದ್ದಿದ್ದರೆ, ಅಲ್ಲಿಯ ಬಾಗಿಲು ಇನ್ನಷ್ಟು ಅಗಲವಾಗಿದ್ದರೆ ಎಂಬ ಚಿಂತೆ ಹತ್ತುತ್ತದೆ. ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಈ ಚಿಂತೆ ಅನೇಕ ವೇಳೆ ಒಂದೇ ರೂಪವನ್ನು ತಾಳುತ್ತದೆ. ಇನ್ನೂರು ಮುನ್ನೂರು ವರ್ಷಗಳ ಮಳೆ ಕಂಡ ಮನೆಯೊಂದನ್ನು ಕೊಂಡವರು ಅದರ ತಲೆಬಾಗಿಲಿನ ಮುಂದೆ ಓಕ್ ಮರದ ಪೋರ್ಚೊಂದನ್ನು ಕಟ್ಟಿಸಲು ಹಂಬಲಿಸುತ್ತಾರೆ. ನೆರೆಹೊರೆಯವರಲ್ಲಿ ಕೆಲವರು ಭಲೆ ಎನ್ನುತ್ತಾರೆ. ಮಿಕ್ಕವರು ಊರಿನ ಒಂದು ಒಳ್ಳೆಯ ಮುಖ ಕೆಟ್ಟಿತೆಂದು ನಿಟ್ಟುಸಿರಿಡುತ್ತಾರೆ. ಈ ವ್ಯಾಜ್ಯದಲ್ಲಿ ನಾನು ಕಟ್ಟಿಸುವವರ ಪಕ್ಷ. ಆದರೆ ಕೆಲವು ಕರಾರುಗಳ ಮೇಲೆ. ಆ ಕರಾರುಗಳು ಯಾವುವು, ಏಕೆ ಎಂಬುದನ್ನು ವಾಚಕರ ಮುಂದಿಡುವುದಷ್ಟೇ ಈ ಬರವಣಿಗೆಯ ಉದ್ದೇಶ.

ಇಂಗ್ಲೆಂಡಿನ ಹಳ್ಳಿಯ ಪೋರ್ಚಿನ ಗೊಡವೆ ಕನ್ನಡದ ಓದುಗನಿಗೇಕೆ ಎಂದು ಯಾರಾದರೂ ಕೇಳಿದರೆ ಅದು ಅನುಚಿತವಾದ ಪ್ರಶ್ನೆಯಲ್ಲ. ಕಾಲೇಜಿನಲ್ಲಿ ಇಂಗ್ಲಿಷ್ ಕಾವ್ಯ ಓದಿದ ನಮ್ಮಲ್ಲಿ ಅನೇಕರು ಓಕ್ ಮರವನ್ನು ಕಾಣದೆಯೇ ಅದರ ನೆರಳಿನಲ್ಲಿ ಬೆಳೆದವರು. ನಮ್ಮ ಸಹ್ಯಾದ್ರಿಯ ಕಾಡುಗಳಲ್ಲಿ ಆ ಮರವಿಲ್ಲ; ಅದರ ಬಳಗಕ್ಕೆ ಸೇರಿದ ಬಾಂಜ್ ಮೊದಲಾದುವನ್ನು ನೋಡಬೇಕಾದರೆ ಹಿಮಾಲಯದ ಮಗ್ಗುಲಿಗೆ ಹೋಗಬೇಕು. ಟಿಪ್ಪಣಿ ಪುಸ್ತಕದಲ್ಲಿ ‘ಒಂದು ಜಾತಿಯ ದೊಡ್ಡ ಮರ’ ಎಂದು ಬರೆದುಕೊಂಡು ಪರೀಕ್ಷೆ ಮುಗಿಸಿದವರಿಗೆ, ಆ ಮರ ಕಂಬವಾಗಿ ತೊಲೆಯಾಗಿ ಮನೆಯ ಮುಂದೆ ನಿಲ್ಲುವ ಬಗೆ ತಿಳಿದರೆ ನಷ್ಟವೇನೂ ಇಲ್ಲ. ಅದಕ್ಕಿಂತ ಹೆಚ್ಚಾಗಿ, ಹಳೆಯದಕ್ಕೆ ಹೊಸದನ್ನು ಕೂಡಿಸುವ ಹಕ್ಕು ಯಾರಿಗೆ, ಎಷ್ಟರಮಟ್ಟಿಗೆ ಎಂಬ ಪ್ರಶ್ನೆಯನ್ನು ಆ ದೇಶದವರು ನೂರೈವತ್ತು ವರ್ಷಗಳಿಂದ ಬಿಡದೆ ಚರ್ಚಿಸಿದ್ದಾರೆ. ಅವರ ಚರ್ಚೆಯನ್ನು ಕೇಳುವುದಕ್ಕೆ ನಾವು ಅವರ ಮಳೆಯಲ್ಲಿ ನೆನೆಯಬೇಕಾದ್ದಿಲ್ಲ.

ಮೊದಲು ಮಾತಿನ ವಿಚಾರ. ಪೋರ್ಚಿಗೆ ಕನ್ನಡದಲ್ಲಿ ಏನೆನ್ನಬೇಕು? ಜಗಲಿ ಎನ್ನೋಣವೆಂದರೆ, ಜಗಲಿ ಮನೆಯ ಮುಂಭಾಗದ ಉದ್ದಕ್ಕೂ ಚಾಚಿಕೊಂಡಿರುವಂಥದು. ಪೋರ್ಚಾದರೋ ಒಂದು ಬಾಗಿಲಿಗೆ ಮಾತ್ರ ಹಿಡಿದ ಕೊಡೆ. ಪಡಸಾಲೆ ಮನೆಯ ಒಳಗಿನದು. ದೇವಸ್ಥಾನದ ಮುಖಮಂಟಪ ಅರ್ಥಕ್ಕೆ ಹತ್ತಿರವಾದರೂ ಸಂಸಾರಸ್ಥರ ಮನೆಗೆ ಅದು ತೂಕದ ಮಾತಾಯಿತು. ನಮ್ಮ ಪಟ್ಟಣಗಳಲ್ಲಿ ಪೋರ್ಟಿಕೊ ಎಂಬ ಶಬ್ದ ಬಳಕೆಯಲ್ಲಿದೆ. ಪೋರ್ಚು, ಪೋರ್ಟಿಕೊ ಎರಡಕ್ಕೂ ಮೂಲ ಲ್ಯಾಟಿನ್ನಿನ ಪೋರ್ಟಿಕಸ್. ಆದರೆ ನಮ್ಮ ಪೋರ್ಟಿಕೊ ಈಗ ಕಾರು ನಿಲ್ಲುವ ಜಾಗ. ಬಂದ ಅತಿಥಿ ಬಿಸಿಲಿನಲ್ಲಿ ನಿಂತು ಗಂಟೆ ಒತ್ತುತ್ತಾನೆ. ಕಾರು ನೆರಳಿನಲ್ಲಿ ಹಾಯಾಗಿ ಮಲಗಿರುತ್ತದೆ. ಬೆಂಗಳೂರಿನ ದಂಡಿನ ಪ್ರದೇಶದ ಹಳೆಯ ಬಂಗಲೆಗಳಿಗೆ ಮರದ ಜಾಲರಿ ಕಟ್ಟಿದ ಚೂಪು ಮಾಡುಗಳಿದ್ದುವು, ಮಂಕಿ ಟಾಪ್ ಎಂದು ಜನ ಕರೆಯುತ್ತಿದ್ದುದು. ಅವುಗಳಲ್ಲಿ ಪೋರ್ಚಿನ ಹಳೆಯ ಆಶಯ ನಮ್ಮ ಬಿಸಿಲಿಗೆ ಚೆನ್ನಾಗಿ ಒಗ್ಗಿಕೊಂಡಿತ್ತು. ಬಹಳಷ್ಟು ಬಂಗಲೆಗಳು ಉರುಳಿ ಹೋದುವು; ಜೊತೆಗೆ ಅವೂ ಹೋದುವು. ಆದುದರಿಂದ ಪೋರ್ಚನ್ನು ಪೋರ್ಚೆಂದೇ ಕರೆಯುತ್ತೇನೆ. ಸಾಲ ತಂದ ಮಾತಿಗೆ ಬಡ್ಡಿ ಕಟ್ಟಬೇಕಾಗಿಲ್ಲ.

ಅದರ ಉಪಯೋಗವೇನೆಂದು ಅಲ್ಲಿಯವರನ್ನು ಕೇಳಿದರೆ ಮಳೆ ಎಂಬ ಒಂದೇ ಉತ್ತರ ಬರುತ್ತದೆ. ನಮ್ಮ ಮಲೆನಾಡಿನ ಮಳೆಯಂತೆ ಆರ್ಭಟಿಸಿ ಬಂದು ಹೋಗುವ ಮಳೆ ಅದಲ್ಲ. ದಿನವೆಲ್ಲ ಸಣ್ಣಗೆ, ಗಾಳಿಯೊಡನೆ ಓರೆಯಾಗಿ ಬೀಳುವ ಮಳೆ. ಕೀಲಿಕೈ ಹುಡುಕುವವನ ಕತ್ತಿನೊಳಗೆ ಇಳಿಯುವಂಥದು. ಕೆಸರು ಮೆತ್ತಿದ ಬೂಟು ಬಿಚ್ಚಲು, ತೊಯ್ದ ಕೊಡೆ ಒರಗಿಸಲು, ಅಂಚೆಯವನು ಪೊಟ್ಟಣ ಇಟ್ಟುಹೋಗಲು, ಚಳಿಗಾಳಿ ನೇರವಾಗಿ ಒಳಕೋಣೆಗೆ ನುಗ್ಗದಿರಲು ಅಲ್ಲೊಂದು ಮರೆ ಬೇಕು. ಇಷ್ಟೇ ಆಗಿದ್ದರೆ ತಗಡಿನ ಚಪ್ಪರ ಸಾಕಾಗುತ್ತಿತ್ತು. ಪೋರ್ಚಿನಲ್ಲಿ ಇನ್ನೊಂದು ಗುಣವುಂಟು: ಅದು ಹೊರಗೂ ಅಲ್ಲ, ಒಳಗೂ ಅಲ್ಲ. ಪೂರ್ತಿ ಒಳಗೆ ಕರೆಯಲಾಗದವರೊಡನೆ, ಹೊರಗೆ ನಿಲ್ಲಿಸಿ ಕಳುಹಿಸಲೂ ಮನಸ್ಸಾಗದವರೊಡನೆ ನಾಲ್ಕು ಮಾತಾಡುವುದಕ್ಕೆ ಅದು ತಕ್ಕ ಸ್ಥಳ. ನಮ್ಮ ಜಗಲಿಯೂ ಹೀಗೆಯೇ ಎಷ್ಟು ಜನರನ್ನು ಹೊಸ್ತಿಲ ಈಚೆಗೆ ತಡೆದಿತ್ತು, ಎಷ್ಟು ಜನರಿಗೆ ರಾತ್ರಿ ತಂಗಲು ಎಡೆಗೊಟ್ಟಿತ್ತು ಎಂಬುದು ಬೇರೆಯೇ ಒಂದು ಲೇಖನಕ್ಕೆ ವಸ್ತು. ಆ ಲೆಕ್ಕದಲ್ಲಿ ಜಮೆಯೂ ಉಂಟು, ಖರ್ಚೂ ಉಂಟು.

ಇಂಗ್ಲೆಂಡಿನ ಮನೆಗೆ ಪೋರ್ಚು ಬಹುಮಟ್ಟಿಗೆ ಚರ್ಚಿನಿಂದಲೂ ಸಿರಿವಂತರ ಸೌಧಗಳಿಂದಲೂ ಇಳಿದುಬಂದದ್ದು. ಮಧ್ಯಯುಗದಲ್ಲಿ ಊರಿನ ಚರ್ಚಿನ ಪೋರ್ಚು ಒಂದು ಬಗೆಯ ಚಾವಡಿಯಾಗಿತ್ತು. ಮದುವೆಯ ಒಪ್ಪಂದದ ಭಾಗವನ್ನು ಬಾಗಿಲ ಬಳಿ ನಡೆಸಿ ಆಮೇಲೆ ವಧೂವರರು ಒಳಗೆ ಹೋಗುವ ಪದ್ಧತಿಯಿತ್ತು. ಚಾಸರನ ಕಾವ್ಯದಲ್ಲಿ ಬಾತ್ ಊರಿನ ಹೆಂಗಸು ತನ್ನ ಐವರು ಗಂಡಂದಿರನ್ನೂ ಚರ್ಚಿನ ಬಾಗಿಲಿನಲ್ಲಿಯೇ ವರಿಸಿದವಳು. ಎಸೆಕ್ಸ್ ಪ್ರಾಂತದ ಸೌತ್ ಬೆನ್‌ಫ್ಲೀಟಿನಲ್ಲಿ, ಸಫೊಕ್ ಪ್ರಾಂತದ ಬಾಕ್ಸ್‌ಫರ್ಡಿನಲ್ಲಿ ಆ ಕಾಲದ ಮರದ ಪೋರ್ಚುಗಳು ಇಂದಿಗೂ ನಿಂತಿವೆ. ಡೈರಿ ಬರೆದು ಹೆಸರಾದ ಜಾನ್ ಈವ್ಲಿನ್ ತನ್ನ ನಾಲ್ಕನೆಯ ವಯಸ್ಸಿನಲ್ಲಿ ಅಕ್ಷರಾಭ್ಯಾಸಕ್ಕೆ ಕುಳಿತದ್ದು ಸರ್ರೆ ಪ್ರಾಂತದ ವಾಟನ್ ಚರ್ಚಿನ ಪೋರ್ಚಿನಲ್ಲಿ. ಇದನ್ನು ಓದಿದಾಗ ನನಗೆ ನಮ್ಮ ಕೂಲಿಮಠಗಳ ನೆನಪಾಗದೆ ಇರಲಿಲ್ಲ. ಜಗಲಿಯ ಮೇಲೆ ಮರಳು ಹರಡಿ ಬೆರಳಿನಿಂದ ಅಕ್ಷರ ತಿದ್ದಿಸುತ್ತಿದ್ದ ಆ ಶಾಲೆಗಳನ್ನು ದಕ್ಷಿಣ ಭಾರತಕ್ಕೆ ಬಂದ ಇಂಗ್ಲಿಷ್ ಅಧಿಕಾರಿಗಳು ‘ಪಯಲ್ ಸ್ಕೂಲ್’, ಎಂದರೆ ಜಗಲಿ ಶಾಲೆ, ಎಂದು ಕಾಗದಪತ್ರಗಳಲ್ಲಿ ಬರೆದರು. ಕೆಲವರು ತಾತ್ಸಾರದಿಂದಲೇ ಬರೆದರು. ತಮ್ಮ ಈವ್ಲಿನ್ ಎಲ್ಲಿ ಕುಳಿತು ಓದು ಕಲಿತನೆಂಬುದನ್ನು ಅವರಲ್ಲಿ ಎಷ್ಟು ಮಂದಿ ನೆನೆದರೋ!

ಈಗ ಮರಕ್ಕೆ ಬರೋಣ. ಮರಗೆಲಸವೆಂದರೆ ಒಣಗಿದ ಮರದ ಕೆಲಸ ಎಂದು ನಾವು ತಿಳಿದಿದ್ದೇವೆ. ನಮ್ಮ ಬಡಗಿ ಹಸಿ ಮರವನ್ನು ಮುಟ್ಟುವುದಿಲ್ಲ. ತೇಗವನ್ನೊ ಬೀಟೆಯನ್ನೊ ವರ್ಷಗಟ್ಟಲೆ ಒಣಗಲು ಬಿಡುತ್ತಾನೆ. ಆದರೆ ಇಂಗ್ಲೆಂಡಿನ ಹಳೆಯ ಬಡಗಿ ಓಕನ್ನು ಹಸಿಯಾಗಿಯೇ ಬಳಸಿದ. ಕಾರಣ ಸರಳ. ಒಣಗಿದ ಓಕು ಕಬ್ಬಿಣದಂತಾಗುತ್ತದೆ, ಉಳಿ ಸೋಲುತ್ತದೆ. ಒಂದು ಅಂಗುಲ ದಪ್ಪಕ್ಕೆ ಒಂದು ವರ್ಷ ಎಂಬುದು ಅದನ್ನು ಗಾಳಿಯಲ್ಲಿ ಒಣಗಿಸುವವರ ಲೆಕ್ಕ. ಎಂಟಂಗುಲದ ಕಂಬ ಒಣಗುವ ಹೊತ್ತಿಗೆ ಮನೆ ಬೇಕೆಂದವನು ಮುದುಕನಾಗಿರುತ್ತಾನೆ. ಹಸಿಯಾಗಿದ್ದಾಗ ಅದೇ ಮರ ನೀರಿನಷ್ಟೇ ಭಾರ, ಆದರೆ ಉಳಿಗೆ ಬಗ್ಗುತ್ತದೆ. ಕಡಿದ ಮರ ಹೀಗೆ ಬೇಗನೆ ಕಟ್ಟಡಕ್ಕೆ ಸೇರುತ್ತಿದ್ದುದರಿಂದ ಇನ್ನೊಂದು ಲಾಭವಾಗಿದೆ. ಇಂದಿನ ವಿಜ್ಞಾನಿಗಳು ತೊಲೆಯೊಳಗಿನ ಬೆಳವಣಿಗೆಯ ಬಳೆಗಳನ್ನು ಎಣಿಸಿ, ಮರ ಬಿದ್ದ ವರ್ಷ ಹಿಡಿದು, ಕಟ್ಟಡದ ಕಾಲವನ್ನೇ ಹೇಳಬಲ್ಲರು. ಶಾಸನವಿಲ್ಲದ ಮನೆಗೆ ಮರವೇ ಶಾಸನ.

ಹಸಿ ಮರ ಒಣಗುವಾಗ ಕುಗ್ಗುತ್ತದೆ, ತಿರುಚುತ್ತದೆ, ಬಿರಿಯುತ್ತದೆ. ಇದು ದೋಷವೆಂದು ತೋರಬಹುದು. ಹಳೆಯ ಬಡಗಿ ಈ ದೋಷವನ್ನೇ ಕೂಲಿಯಾಳನ್ನಾಗಿ ಮಾಡಿಕೊಂಡ. ಒಂದು ಮರದ ತುದಿಯನ್ನು ನಾಲಿಗೆಯಂತೆ ಕೆತ್ತಿ ಇನ್ನೊಂದರಲ್ಲಿ ತೋಡಿದ ಗೂಡಿನೊಳಗೆ ಇಳಿಸುವುದು ನಮ್ಮ ಬಡಗಿಗಳಿಗೂ ಗೊತ್ತಿರುವ ವಿದ್ಯೆ. ಇಲ್ಲಿಯ ಜಾಣತನ ಗೂಟದಲ್ಲಿದೆ. ಗೂಡಿನ ಪಕ್ಕಗಳಲ್ಲಿ ಕೊರೆದ ರಂಧ್ರಕ್ಕೂ ನಾಲಿಗೆಯಲ್ಲಿ ಕೊರೆದ ರಂಧ್ರಕ್ಕೂ ಬೇಕೆಂದೇ ಕೆಲವು ಮಿಲಿಮೀಟರುಗಳ ವ್ಯತ್ಯಾಸ ಬಿಡುತ್ತಾರೆ. ಒಣಗಿದ ಓಕನ್ನು ಎಳೆಯುದ್ದಕ್ಕೆ ಸೀಳಿ ಮೊನೆಗೊಳಿಸಿದ ಗೂಟವನ್ನು ಹೊಡೆದಾಗ ಅದು ಆ ಸೊಟ್ಟ ದಾರಿಯಲ್ಲಿ ಹಾಯುತ್ತ ನಾಲಿಗೆಯನ್ನು ಗೂಡಿನೊಳಕ್ಕೆ ಬಿಗಿಯಾಗಿ ಎಳೆಯುತ್ತದೆ. ಅನಂತರದ ವರ್ಷಗಳಲ್ಲಿ ಹಸಿಮರ ಕುಗ್ಗಿದಷ್ಟೂ ಒಣಗೂಟದ ಮೇಲೆ ಅದರ ಹಿಡಿತ ಹೆಚ್ಚುತ್ತದೆ. ಕಬ್ಬಿಣದ ಮೊಳೆಗೆ ಇಲ್ಲಿ ಕೆಲಸವಿಲ್ಲ. ಇದ್ದರೂ ಅದು ಬಾಳುವುದಿಲ್ಲ. ಓಕಿನಲ್ಲಿರುವ ಒಗರು ಕಬ್ಬಿಣವನ್ನು ತಿನ್ನುತ್ತದೆ, ತಿಂದ ಜಾಗದಲ್ಲಿ ನೀಲಿಗಪ್ಪು ಕಲೆ ಏಳುತ್ತದೆ. ಅದಕ್ಕೆಂದೇ ಈಗಿನವರು ಎಲ್ಲಿಯಾದರೂ ಲೋಹ ಬೇಕಾದರೆ ತುಕ್ಕು ಹಿಡಿಯದ ಉಕ್ಕನ್ನೇ ಬಳಸುತ್ತಾರೆ.

ಆ ನೀಲಿಗಪ್ಪು ಕಲೆಯ ವಿಷಯದಲ್ಲಿ ಸಾಹಿತ್ಯದ ಓದುಗರಿಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಓಕಿನ ಕೊಂಬೆಗಳ ಮೇಲೆ ಹುಳು ಮೊಟ್ಟೆಯಿಟ್ಟಲ್ಲಿ ಏಳುವ ಗಂಟುಗಳನ್ನು ಅರೆದು, ಅನ್ನಭೇದಿ ಬೆರೆಸಿ ಯೂರೋಪಿನವರು ಮಸಿ ಮಾಡಿದರು. ಶತಮಾನಗಳ ಕಾಲ ಅಲ್ಲಿಯ ಹಸ್ತಪ್ರತಿಗಳನ್ನು ಬರೆದದ್ದು ಆ ಮಸಿಯಿಂದ. ನಮ್ಮಲ್ಲಿ ಅಳಲೆಕಾಯಿಯ ಕಷಾಯಕ್ಕೆ ಅದೇ ಅನ್ನಭೇದಿಯನ್ನು ಹಾಕಿ ಮಸಿ ಮಾಡುತ್ತಿದ್ದರು. ಮೊಳೆ ಹೊಡೆದ ಓಕಿನ ಕಂಬದಲ್ಲಿ ಮಳೆ ನೀರು ಬಿದ್ದು ಇಳಿದ ಕಪ್ಪು ಗೆರೆ, ಹೇಳಬೇಕೆಂದರೆ, ಬರೆಯದೆ ಉಳಿದ ಅಕ್ಷರ.

ಹೆರಿಫರ್ಡ್ ಸೀಮೆಯಲ್ಲಿ ನಾನು ಒಂದು ಬೇಸಗೆಯನ್ನು ಕಳೆದೆ. ವೆಬ್ಲಿ, ಪೆಂಬ್ರಿಜ್ ಮೊದಲಾದ ಊರುಗಳು ಮರದ ಚೌಕಟ್ಟಿನ ಹಳೆಯ ಮನೆಗಳಿಗಾಗಿ ಹೆಸರುವಾಸಿಯಾದ ಸೀಮೆ ಅದು. ನಾನಿದ್ದ ಹಳ್ಳಿಯಲ್ಲಿ ಒಬ್ಬ ನಿವೃತ್ತ ಉಪಾಧ್ಯಾಯಿನಿ ಒಂಟಿಯಾಗಿ ವಾಸಿಸುತ್ತಿದ್ದರು. ಕೈಬೆರಳುಗಳ ಕೀಲು ಊದಿ, ಬೀಗ ತೆಗೆಯಲು ಅವರಿಗೆ ನಾಲ್ಕೈದು ನಿಮಿಷ ಹಿಡಿಯುತ್ತಿತ್ತು. ಆ ನಾಲ್ಕೈದು ನಿಮಿಷ ಮಳೆಯಲ್ಲಿ. ಮಕ್ಕಳು ಪಟ್ಟಣದ ವಸತಿಗೃಹಕ್ಕೆ ಬಂದುಬಿಡು ಎಂದು ಒತ್ತಾಯಿಸುತ್ತಿದ್ದರಂತೆ. ಒಂದು ಪೋರ್ಚು, ಅದರೊಳಗೆ ಒಂದು ಬೆಂಚು, ಕೈಹಿಡಿಯಲು ಒಂದು ಕಂಬ ಇದ್ದರೆ ಇನ್ನು ಹತ್ತು ವರ್ಷ ತನ್ನ ಮನೆಯಲ್ಲೇ ಇರಬಹುದು ಎಂಬುದು ಅವರ ವಾದ. ಆದರೆ ಮನೆ ರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿದ್ದು. ಮುಂಭಾಗವನ್ನು ಮುಟ್ಟಲೇ ಕೂಡದು ಎಂದು ಊರಿನ ಕೆಲವರು ಬರೆದು ಕಳುಹಿಸಿದ್ದರು. ಬರೆದವರಲ್ಲಿ ಆ ಊರಿಗೆ ವಾರಾಂತ್ಯದಲ್ಲಿ ಮಾತ್ರ ಬರುವವರೂ ಇದ್ದರೆಂದು ಕೇಳಿದೆ. ಹಳೆಯ ಮನೆಯನ್ನು ನೋಡುವವನ ಪ್ರೀತಿಗೂ ಅದರಲ್ಲಿ ಬಾಳುವವನ ಪ್ರೀತಿಗೂ ವ್ಯತ್ಯಾಸವಿದೆ. ಮೊದಲನೆಯದು ಕಡಮೆಯೆಂದು ನಾನು ಹೇಳುವುದಿಲ್ಲ. ಆದರೆ ಅದು ಒದ್ದೆಯಾಗುವುದಿಲ್ಲ.

ಕಡೆಗೆ ಸಿಕ್ಕ ಅನುಮತಿಯಲ್ಲಿದ್ದ ಕರಾರುಗಳು ನನಗೆ ಬಹಳ ವಿವೇಕದವೆಂದು ತೋರಿದುವು. ಪೋರ್ಚು ತನ್ನದೇ ನಾಲ್ಕು ಕಂಬಗಳ ಮೇಲೆ ನಿಲ್ಲಬೇಕು. ಹಳೆಯ ತೊಲೆಗಳಲ್ಲಿ ಒಂದು ರಂಧ್ರವನ್ನೂ ಕೊರೆಯಕೂಡದು. ಪಕ್ಕಗಳು ತೆರೆದಿರಬೇಕು, ಹಳೆಯ ಬಾಗಿಲುವಾಡ ರಸ್ತೆಯಿಂದ ಕಾಣುತ್ತಿರಬೇಕು. ನಾಳೆ ಯಾರಾದರೂ ಇದು ಬೇಡವೆಂದರೆ, ಕಳಚಿ ತೆಗೆದಾಗ ಹಿಂದಿನ ಮನೆ ಹಿಂದಿನಂತೆಯೇ ಇರಬೇಕು. ಕಂಬಗಳ ಬುಡ ನೆಲಕ್ಕೆ ತಾಗದಂತೆ ಕಲ್ಲಿನ ಮೇಲೆ ಕೂರಬೇಕೆಂಬುದು ಕರಾರಿನಲ್ಲಿ ಇರಲಿಲ್ಲ, ಬಡಗಿಗೆ ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. ಮರದ ಕಡಿದ ತುದಿ ನೀರು ಹೀರುತ್ತದೆಂಬುದನ್ನು ನಮ್ಮ ಮಲೆನಾಡಿನ ಮನೆ ಕಟ್ಟಿದವರೂ ಅರಿತು ಕಂಬಗಳನ್ನು ಕಲ್ಲಿನ ಪೀಠದ ಮೇಲೆ ನಿಲ್ಲಿಸಿದರು.

ಆ ಚೌಕಟ್ಟನ್ನು ಮೊದಲು ಬಡಗಿಯ ಅಂಗಳದಲ್ಲಿ ನೆಲದ ಮೇಲೆ ಪೂರ್ತಿ ಜೋಡಿಸಿ ನೋಡಿ, ಪ್ರತಿಯೊಂದು ಕೂಡಿಕೆಗೂ ಉಳಿಯಿಂದ ಗುರುತು ಕೊಚ್ಚಿ, ಬಿಚ್ಚಿ, ಗಾಡಿಗೆ ಹೇರಿ ತಂದರು. ಒಂದು, ಎರಡು, ಮೂರು ಎಂದು ರೋಮನ್ ಅಂಕಿಗಳಂಥ ಗೆರೆಗಳು; ಉಳಿ ನೇರವಾದ್ದರಿಂದ ಗುರುತೂ ನೇರ. ನಾಲ್ಕಕ್ಕೆ ಪಂಡಿತರ ಬರವಣಿಗೆ ಬಿಟ್ಟು ನಾಲ್ಕು ಗೆರೆ ಎಳೆಯುವುದು ಅವರ ವಾಡಿಕೆ. ಇದು ಇಂದಿನ ಪದ್ಧತಿಯಲ್ಲ. ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಹಾಲಿನ ಮಹಾ ಚಾವಣಿಯನ್ನು 1390ರ ದಶಕದಲ್ಲಿ ರಾಜನ ಬಡಗಿ ಹ್ಯೂ ಹರ್ಲೆಂಡ್ ಕಟ್ಟಿದಾಗ ಅದರ ಓಕಿನ ತೊಲೆಗಳನ್ನೂ ದೂರದ ಫಾರ್ನಮ್ ಬಳಿ ಸಿದ್ಧಮಾಡಿ, ಗಾಡಿಯಲ್ಲಿಯೂ ಥೇಮ್ಸ್ ನದಿಯ ದೋಣಿಗಳಲ್ಲಿಯೂ ಸಾಗಿಸಿದ್ದರು. ಇಪ್ಪತ್ತು ಮೀಟರು ದಾಟುವ ಅಗಲವನ್ನು ನಡುವೆ ಕಂಬವಿಲ್ಲದೆ ಹೊದಿಸಿದ ಚಾವಣಿ ಅದು. ಉಪಾಧ್ಯಾಯಿನಿಯ ಪೋರ್ಚು ಅದಕ್ಕೆ ಎಲ್ಲಿಯ ಹೋಲಿಕೆ! ಆದರೂ ಅದೇ ಗೂಡು, ಅದೇ ನಾಲಿಗೆ, ಅದೇ ಗೂಟ. ನಿಲ್ಲಿಸುವ ಕೆಲಸ ಬೆಳಿಗ್ಗೆ ಆರಂಭವಾಗಿ ಮಧ್ಯಾಹ್ನದ ಚಹದ ಹೊತ್ತಿಗೆ ಮುಗಿಯಿತು. ಕೊನೆಯ ಗೂಟಕ್ಕೆ ಒಂದು ಪೆಟ್ಟು ಹಾಕಲು ಬಡಗಿ ಸುತ್ತಿಗೆಯನ್ನು ಆಕೆಯ ಕೈಗೆ ಕೊಟ್ಟ. ಊದಿದ ಬೆರಳುಗಳಿಂದ ಅವರು ಹೊಡೆದ ಪೆಟ್ಟಿಗೆ ಗೂಟ ಕದಲಿತೋ ಇಲ್ಲವೋ ಹೇಳಲಾರೆ; ನಿಂತವರೆಲ್ಲ ಕದಲಿತೆಂದೇ ಹೇಳಿದರು.

ನನ್ನ ಮೊದಲ ಕರಾರು ಪ್ರಾಮಾಣಿಕತೆಯದು. ಹೊಸ ಪೋರ್ಚು ಹೊಸದೆಂದು ಕಾಣಬೇಕು. ಇಂಗ್ಲೆಂಡಿನಲ್ಲಿ ಈಗಲೂ ಕೆಲವರು ಹೊಸ ಓಕನ್ನು ಸರಪಣಿಯಿಂದ ಹೊಡೆದು ಗಾಯಮಾಡಿ, ಕಪ್ಪು ಬಳಿದು, ಮುನ್ನೂರು ವರ್ಷ ಹಳೆಯದೆಂಬ ಭ್ರಮೆ ಹುಟ್ಟಿಸುತ್ತಾರೆ. ಇನ್ನೂ ಕೆಲವರು ಒಳಗೆ ಬೋಲ್ಟು ಬಿಗಿದು, ಹೊರಗೆ ಗೂಟದ ತಲೆಯಂಥ ಮರದ ಬಿಲ್ಲೆಗಳನ್ನು ಅಂಟಿಸುತ್ತಾರೆ. ಇದು ನರೆತ ಮೀಸೆ ಅಂಟಿಸಿಕೊಂಡ ನಾಟಕದ ಹುಡುಗನ ಹಾಗೆ. ಆದರೆ ನಾಟಕ ಮೂರು ಗಂಟೆಗೆ ಮುಗಿಯುತ್ತದೆ. ಹಾಸ್ಯವೆಂದರೆ, ಆ ಕಪ್ಪು ಬಣ್ಣವೂ ಅಷ್ಟೇನೂ ಹಳೆಯದಲ್ಲ. ಮಧ್ಯಯುಗದ ಮರದ ಮನೆಗಳ ತೊಲೆಗಳು ಬಹುಮಟ್ಟಿಗೆ ಬಣ್ಣವಿಲ್ಲದೆ ಬೆಳ್ಳಿಬೂದು ತಿರುಗಿಯೋ, ಗೋಡೆಯೊಡನೆ ಸುಣ್ಣ ಬಳಿಸಿಕೊಂಡೋ ಇದ್ದುವು. ಕಪ್ಪುಬಿಳುಪಿನ ಸೊಗಸು ಹೆಚ್ಚಾಗಿ ವಿಕ್ಟೋರಿಯಾ ರಾಣಿಯ ಕಾಲದವರು ಹಚ್ಚಿದ್ದು. ಎರಡು ಮಹಾಯುದ್ಧಗಳ ನಡುವೆ ನಗರದ ಹೊರವಲಯಗಳಲ್ಲಿ ಎದ್ದ ಸುಳ್ಳು ಟ್ಯೂಡರ್ ಮನೆಗಳನ್ನು ಆಸ್ಬರ್ಟ್ ಲ್ಯಾಂಕಾಸ್ಟರ್ 1938ರಲ್ಲಿಯೇ ‘ಷೇರುದಲ್ಲಾಳಿಯ ಟ್ಯೂಡರ್’ ಎಂದು ಹಾಸ್ಯಮಾಡಿದ. ಹಾಸ್ಯದಿಂದ ದಲ್ಲಾಳಿಗಳ ಅಭಿರುಚಿ ತಿದ್ದಿದ ಉದಾಹರಣೆ ಇತಿಹಾಸದಲ್ಲಿ ಅಪರೂಪ.

ಈ ಕರಾರಿಗೆ ಹಿರಿಯರ ಬೆಂಬಲವಿದೆ. ಜಾನ್ ರಸ್ಕಿನ್ 1849ರಲ್ಲಿ ವಾಸ್ತುಶಿಲ್ಪದ ಏಳು ದೀಪಗಳನ್ನು ಕುರಿತು ಬರೆದ ಗ್ರಂಥದಲ್ಲಿ ಸತ್ಯವನ್ನು ಒಂದು ದೀಪವಾಗಿ ಎಣಿಸಿದ. ಭಾರ ಹೊರದ ಕಂಬ ಹೊರುವಂತೆ ನಟಿಸುವುದು, ಒಂದು ವಸ್ತುವಿಗೆ ಇನ್ನೊಂದರ ಬಣ್ಣ ಬಳಿಯುವುದು, ಯಂತ್ರದ ಕೆಲಸವನ್ನು ಕೈಕೆಲಸವೆಂದು ತೋರಿಸುವುದು, ಮೂರೂ ಅವನಿಗೆ ವಂಚನೆ. 1904ರಲ್ಲಿ ಗಾಂಧೀಜಿ ಜೋಹಾನ್ಸ್‌ಬರ್ಗಿನಿಂದ ಡರ್ಬನ್ನಿಗೆ ಹೋಗುವ ರೈಲಿನಲ್ಲಿ ಓದಿ ಬದುಕನ್ನೇ ಬದಲಿಸಿಕೊಂಡದ್ದು ಇದೇ ರಸ್ಕಿನ್ನನ ಇನ್ನೊಂದು ಪುಸ್ತಕದಿಂದ. ರಸ್ಕಿನ್ನನ ವಿಚಾರಗಳಿಂದ ಪ್ರೇರಿತನಾದ ವಿಲಿಯಂ ಮಾರಿಸ್, ಗೆಳೆಯ ಫಿಲಿಪ್ ವೆಬ್ ಮೊದಲಾದವರೊಡನೆ 1877ರಲ್ಲಿ ಪ್ರಾಚೀನ ಕಟ್ಟಡಗಳ ರಕ್ಷಣೆಗೆ ಸಂಘವೊಂದನ್ನು ಕಟ್ಟಿದ. ಜೀರ್ಣೋದ್ಧಾರದ ಹೆಸರಿನಲ್ಲಿ ಹಳೆಯ ಚರ್ಚುಗಳನ್ನು ಹೆರೆದು ಹೊಸದಾಗಿಸುತ್ತಿದ್ದವರ ವಿರುದ್ಧ ಅವರ ಹೋರಾಟ. ದಿನದಿನದ ಆರೈಕೆಯಿಂದ ಹಾಳಾಗದಂತೆ ನೋಡಿಕೊಳ್ಳಿ, ಇಲ್ಲದ ಪ್ರಾಚೀನತೆಯನ್ನು ಸೃಷ್ಟಿಸಬೇಡಿ ಎಂಬುದು ಅವರ ಘೋಷಣಾಪತ್ರದ ಸಾರ. ಸಂಘ ಇಂದಿಗೂ ಇದೆ. ಯಂತ್ರದ ಮಾತಿನಲ್ಲಿ ಮಾತ್ರ ನಾನು ರಸ್ಕಿನ್ನನನ್ನು ಪೂರ್ತಿ ಒಪ್ಪಲಾರೆ. ಗೂಡನ್ನು ಉಳಿ ತೋಡಿತೋ ವಿದ್ಯುತ್ತಿನ ಗರಗಸ ತೋಡಿತೋ ಎಂಬುದಕ್ಕಿಂತ ಆ ಗೂಡು ಭಾರ ಹೊರುತ್ತದೆಯೋ ಇಲ್ಲವೋ ಎಂಬುದು ಮುಖ್ಯ. ಕೂಲಿಯವನ ಬೆನ್ನುಮೂಳೆಯ ಬೆಲೆಯಲ್ಲಿ ಬರುವ ಕೈಕೆಲಸದ ಸೌಂದರ್ಯ ನನಗೆ ಬೇಡ.

ಎರಡನೆಯ ಕರಾರು ಗಾತ್ರದ್ದು. ಇಲ್ಲಿ ಇಂಗ್ಲೆಂಡಿನ ಕಾನೂನೇ ಒಳ್ಳೆಯ ವಿಮರ್ಶಕ. ಸಾಮಾನ್ಯ ಮನೆಯ ಹೊರಬಾಗಿಲಿಗೆ ಪೋರ್ಚು ಕಟ್ಟಲು, ಅದರ ನೆಲ 3 ಚದರ ಮೀಟರು, ಎತ್ತರ 3 ಮೀಟರು ಮೀರದಿದ್ದರೆ, ರಸ್ತೆಗೆ ತಾಗಿದ ಎಲ್ಲೆಯಿಂದ 2 ಮೀಟರು ದೂರವಿದ್ದರೆ, ಸಾಮಾನ್ಯವಾಗಿ ಪ್ರತ್ಯೇಕ ಅಪ್ಪಣೆ ಬೇಕಾಗಿಲ್ಲ. ಮೂರು ಚದರ ಮೀಟರೆಂದರೆ ಇಬ್ಬರು ಎದುರುಬದುರಾಗಿ ಕುಳಿತು ಮಾತಾಡುವಷ್ಟು; ಮೂರನೆಯವನು ಬಂದರೆ ನಿಲ್ಲಬೇಕು. ಪೋರ್ಚು ಇಷ್ಟೇ ಇರಬೇಕು. ಇದಕ್ಕಿಂತ ದೊಡ್ಡದಾದರೆ ಅದು ಮನೆಯ ಮುಂದೆ ಕಟ್ಟಿದ ಇನ್ನೊಂದು ಮನೆ, ಹಿಂದಿನ ಮನೆಗೆ ಹಾಕಿದ ಮುಖವಾಡ. ಪಟ್ಟಿಗೆ ಸೇರಿದ ಕಟ್ಟಡಗಳ ಮಾತು ಬೇರೆ. ದೇಶದ ಹಳೆಯ ಕಟ್ಟಡಗಳ ಪಟ್ಟಿ ಮಾಡುವ ವ್ಯವಸ್ಥೆಗೆ ಗಟ್ಟಿ ನೆಲೆ ಸಿಕ್ಕಿದ್ದು, ನಮಗೆ ಸ್ವಾತಂತ್ರ್ಯ ಬಂದ 1947ರಲ್ಲಿಯೇ, ಅಲ್ಲಿಯ ನಗರ ಮತ್ತು ಗ್ರಾಮ ಯೋಜನೆಯ ಕಾಯಿದೆಯಿಂದ. ಅಂಥ ಮನೆಯ ಸ್ವರೂಪವನ್ನು ಅನುಮತಿಯಿಲ್ಲದೆ ಬದಲಿಸುವುದು 1990ರ ಕಾಯಿದೆಯ ಪ್ರಕಾರ ಅಪರಾಧ. ಬರಿಯ ತಪ್ಪಲ್ಲ, ನ್ಯಾಯಾಲಯಕ್ಕೆ ಹೋಗುವ ಅಪರಾಧ.

ಮೂರನೆಯದು ಔಚಿತ್ಯ. ಎಲ್ಲ ಹಳೆಯ ಮನೆಗೂ ಓಕಿನ ಪೋರ್ಚು ಒಪ್ಪುವುದಿಲ್ಲ. ಹದಿನೆಂಟನೆಯ ಶತಮಾನದ ಇಟ್ಟಿಗೆಯ ಮನೆ, ಬಾಗಿಲಿನ ಎರಡು ಪಕ್ಕಕ್ಕೂ ತೆಳುವಾದ ಅರೆಗಂಬ, ಮೇಲೆ ಬೀಸಣಿಗೆಯಂಥ ಗಾಜಿನ ಕಿಟಕಿ, ಎಲ್ಲವೂ ಅಳತೆಗೆ ಅಳತೆ ಕೂಡಿದ್ದು. ಅದರ ಮುಂದೆ ಹಳ್ಳಿಗಾಡಿನ ದಪ್ಪ ತೊಲೆಗಳನ್ನು ನಿಲ್ಲಿಸಿದರೆ ಕಂದಪದ್ಯದ ನಡುವೆ ಲಾವಣಿಯ ಸಾಲು ಸೇರಿಸಿದಂತೆ. ಲಾವಣಿ ಕೀಳೆಂದಲ್ಲ, ಜಾಗ ಅದಲ್ಲ. ಅಂಥ ಮನೆಯವರು ಕೊಡೆ ಹಿಡಿದುಕೊಳ್ಳಲಿ. ಗಾಜು ಹಾಕಿ ಮುಚ್ಚುವವರಿಗೂ ಒಂದು ಎಚ್ಚರಿಕೆ ಉಂಟು: ಹಸಿ ಓಕಿನ ನಡುವೆ ಗಾಜನ್ನು ಬಿಗಿದರೆ ಮರ ಕುಗ್ಗಿದಾಗ ಸಂದು ಬಿಡುತ್ತದೆ, ನೀರು ಸೋರುತ್ತದೆ. ತಿಳಿದ ಬಡಗಿಗಳು ಗಾಜನ್ನು ಚೌಕಟ್ಟಿನ ಹೊರಮೈಗೆ ಇಟ್ಟು ಮೇಲೆ ಪಟ್ಟಿ ಹೊಡೆದು, ಒಳಗಿನ ಮರಕ್ಕೆ ಅಲುಗಾಡಲು ಎಡೆ ಬಿಡುತ್ತಾರೆ.

ಇಷ್ಟು ಮರ ಕಡಿಯುವುದು ಸರಿಯೇ ಎಂದು ಇಂದಿನ ವಿದ್ಯಾರ್ಥಿ ಕೇಳಬಹುದು, ಕೇಳಲೇಬೇಕು. ಚರ್ಚಿನ ಪೋರ್ಚಿನಲ್ಲಿ ಅಕ್ಷರ ಕಲಿತ ಆ ಈವ್ಲಿನ್ 1664ರಲ್ಲಿ ‘ಸಿಲ್ವ’ ಎಂಬ ಗ್ರಂಥವನ್ನು ಪ್ರಕಟಿಸಿ, ನೌಕಾಬಲಕ್ಕಾಗಿ ಮರ ನೆಡಿರೆಂದು ದೇಶದ ಜಮೀನುದಾರರನ್ನು ಒತ್ತಾಯಿಸಿದ. ನೆಪೋಲಿಯನ್ನನ ಯುದ್ಧಗಳ ಕಾಲದ ನೌಕಾಧಿಪತಿ ಕಾಲಿಂಗ್‌ವುಡ್ ರಜೆಯಲ್ಲಿ ಊರಿಗೆ ಬಂದಾಗ ಜೇಬಿನ ತುಂಬ ಓಕಿನ ಬೀಜಗಳನ್ನು ಇಟ್ಟುಕೊಂಡು ನಡೆದಲ್ಲೆಲ್ಲ ಊರುತ್ತಿದ್ದನಂತೆ. ಆದರೂ ಓಕು ಸಾಲದೆ ಬಂದಿತು. ಆ ಕೊರತೆಯನ್ನು ತುಂಬಿದ ಮರಗಳಲ್ಲಿ ನಮ್ಮ ಪಶ್ಚಿಮ ಕರಾವಳಿಯದೂ ಒಂದು: ಮುಂಬಯಿಯಲ್ಲಿ ವಾಡಿಯಾ ಮನೆತನದವರು ಮಲಬಾರಿನ ತೇಗದಿಂದ ಕಟ್ಟಿ 1817ರಲ್ಲಿ ನೀರಿಗಿಳಿಸಿದ ‘ಟ್ರಿಂಕೊಮಲಿ’ ಎಂಬ ಯುದ್ಧನೌಕೆ ಇಂದಿಗೂ ಇಂಗ್ಲೆಂಡಿನ ಹಾರ್ಟ್ಲ್‌ಪೂಲಿನಲ್ಲಿ ತೇಲುತ್ತಿದೆ. ಕಾಲಿಂಗ್‌ವುಡ್ ಊರಿದ ಬೀಜಗಳು ಮರವಾಗುವ ಹೊತ್ತಿಗೆ ಹಡಗುಗಳೇ ಕಬ್ಬಿಣದವಾಗಿದ್ದುವು. ಯುದ್ಧಕ್ಕೆಂದು ಬೆಳೆಸಿದ ಮರ ಮನೆಗೆ ಒದಗಿದರೆ ಅದರಲ್ಲಿ ವಿಷಾದಪಡುವಂಥದೇನೂ ನನಗೆ ಕಾಣದು. ಪ್ಯಾರಿಸಿನ ನೋತ್ರ್ ದಾಮ್ ಚರ್ಚು 2019ರ ಏಪ್ರಿಲಿನಲ್ಲಿ ಉರಿದಾಗ ಅದರ ಚಾವಣಿಯ ಓಕಿನ ಕಾಡೆಲ್ಲ ಬೂದಿಯಾಯಿತು. ಇಷ್ಟು ಮರವನ್ನು ಇನ್ನು ಎಲ್ಲಿಂದ ತರುವುದು, ಕೊಡಲಿ ಹಿಡಿಯಬಲ್ಲವರೆಲ್ಲಿ ಎಂದು ಸಂದೇಹಪಟ್ಟವರಿದ್ದರು. ಸುಮಾರು ಎರಡು ಸಾವಿರ ಓಕುಗಳನ್ನು ಫ್ರಾನ್ಸಿನ ಕಾಡುಗಳಿಂದ ಆರಿಸಿ ತಂದರು. ಬಡಗಿಗಳು ಹಸಿ ಮರವನ್ನು ಕೊಡಲಿಯಿಂದ ಕೆತ್ತಿ, ಗೂಟ ಹೊಡೆದು, ಚಾವಣಿ ನಿಲ್ಲಿಸಿದರು. 2024ರ ಡಿಸೆಂಬರಿನಲ್ಲಿ ಬಾಗಿಲು ಮತ್ತೆ ತೆರೆಯಿತು. ಆ ವಿದ್ಯೆ ಉಳಿದಿತ್ತು ಎಂಬುದಕ್ಕೆ ಕಾರಣ ಚರ್ಚುಗಳಷ್ಟೇ ಅಲ್ಲ. ಚರ್ಚಿನ ಚಾವಣಿ ಎಂಟುನೂರು ವರ್ಷಕ್ಕೊಮ್ಮೆ ಬರುವ ಕೆಲಸ. ನಡುವಿನ ವರ್ಷಗಳಲ್ಲಿ ಬಡಗಿಯ ಒಲೆ ಉರಿದದ್ದು ಕೊಟ್ಟಿಗೆ, ಕಣಜ, ಪೋರ್ಚುಗಳಿಂದ.

ನಮ್ಮಲ್ಲಿ ಇದಕ್ಕೆ ವಿಲೋಮವಾದ ವ್ಯಾಪಾರವೊಂದು ನಡೆದಿದೆ. ತೊಟ್ಟಿಮನೆಗಳನ್ನು ಕೆಡವಿ ಅವುಗಳ ಕೆತ್ತನೆಯ ಕಂಬಗಳನ್ನೂ ಬಾಗಿಲುವಾಡಗಳನ್ನೂ ಪಟ್ಟಣದ ಹೋಟೆಲುಗಳಿಗೆ, ಹಣವಂತರ ಹಜಾರಗಳಿಗೆ ಮಾರುತ್ತಾರೆ. ಬೋದಿಗೆ ಏನನ್ನೂ ಹೊರದೆ ಗಾಜಿನ ಮೇಜಿನ ಕಾಲಾಗುತ್ತದೆ. ಮಣಿಪಾಲದ ಹಸ್ತಶಿಲ್ಪ ಪರಂಪರಾ ಗ್ರಾಮದಲ್ಲಿ ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದಾರೆ. ಅದು ಸ್ತುತ್ಯ ಕಾರ್ಯ. ಆದರೆ ಅಲ್ಲಿಯ ಜಗಲಿಯ ಮೇಲೆ ಸಂಜೆ ಕುಳಿತು ಎಲೆಅಡಿಕೆ ಹಾಕುವವರಿಲ್ಲ. ಒಬ್ಬ ಮುದುಕಿ ತನ್ನ ಹಳೆಯ ಮನೆಗೆ ಹೊಸ ಜಗಲಿ ಕಟ್ಟಿಸಿ, ನಮ್ಮ ಬಡಗಿಗೆ ಆರು ವಾರದ ಕೂಲಿ ಕೊಟ್ಟು, ಅಲ್ಲಿಯೇ ಬಾಳುವುದಾದರೆ ನಾನು ಅದನ್ನು ಹೆಚ್ಚಿನ ರಕ್ಷಣೆಯೆಂದೇ ಎಣಿಸುತ್ತೇನೆ.

ಇನ್ನು ಉಳಿದದ್ದು ಸಣ್ಣಪುಟ್ಟ ಮಾತು. ಹೊಸ ಓಕಿಗೆ ವಾರ್ನಿಷ್ ಬಳಿಯಬೇಡಿ. ಒಳಗಿನ ನೀರು ಹೊರಗೆ ಬರಲಿ. ಮೊದಲ ಮಳೆಗಾಲದಲ್ಲಿ ಅದರ ಒಗರು ಇಳಿದು ಕೆಳಗಿನ ಕಲ್ಲಿಗೆ ಕಂದು ಕಲೆಯಾಗುತ್ತದೆ. ಗಾಬರಿ ಬೇಡ, ತೊಳೆಯುತ್ತಿದ್ದರೆ ಕ್ರಮೇಣ ಹೋಗುತ್ತದೆ. ತೊಲೆ ಬಿರಿದಾಗ ಮನೆ ಬಿತ್ತೆಂದು ಬಡಗಿಗೆ ಫೋನು ಮಾಡಬೇಡಿ. ಒಣಗುವ ಓಕಿನ ಬಿರುಕುಗಳಲ್ಲಿ ಬಹುಪಾಲು ಅದರ ಶಕ್ತಿಯನ್ನು ಕುಂದಿಸುವುದಿಲ್ಲ. ಕೆಲವೇ ವರ್ಷಗಳಲ್ಲಿ ಜೇನುಬಣ್ಣ ಹೋಗಿ ಬೆಳ್ಳಿಬೂದು ತಾನಾಗಿ ಬರುತ್ತದೆ. ಮತ್ತೆ, ಕಟ್ಟಿದ ವರ್ಷವನ್ನು ತೊಲೆಯ ಮೇಲೆ ಕೆತ್ತಿಸಿ. ರಸ್ತೆಗೆ ಕಾಣುವ ಹೊರಮೈಯಲ್ಲಿ ಬೇಡ. ಒಳಗಡೆ, ಬೆಂಚಿನಲ್ಲಿ ಕುಳಿತು ಬೂಟು ಬಿಚ್ಚುವವನು ತಲೆಯೆತ್ತಿದರೆ ಓದಲಾಗುವ ಎತ್ತರದಲ್ಲಿ.